ಎರಡು ಕರೆಂಟು ಒಂದೇ ತಂತಿಯಲ್ಲಿ ಕೂಡಬಾರದು

ಭೀಮೆಗೆ ನೀರು ಬಂತೆಂದರೆ ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಅಗರಖೇಡದಂಥ ದಂಡೆಯ ಊರುಗಳಲ್ಲಿ ಮೊದಲು ಹೋಗುವುದು ಕರೆಂಟು. ಮಳೆ ಇಲ್ಲಿಯೇ ಆಗಬೇಕೆಂದಿಲ್ಲ. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ನೀರು ಬಿಟ್ಟರೆ, ಸೀನಾ ನದಿ ತುಂಬಿ ಬಂದು ಸೇರಿದರೆ, ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಕಟ್ಟಿದ ಸೊನ್ನ ಬ್ಯಾರೇಜಿನಿಂದ 8 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹರಿದದ್ದನ್ನು ದಂಡೆಯ ಮಂದಿ ಮರೆತಿಲ್ಲ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಹೊಳೆ ಮತ್ತೆ ಉಕ್ಕಿತು. ಇಂಥ ಹೊತ್ತಿನಲ್ಲಿ ಕಂಬಗಳು ನೀರಲ್ಲಿ ನಿಲ್ಲುತ್ತವೆ, ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗಳು ಮುಳುಗುತ್ತವೆ. ಆ ಲೈನಿಗೆ ಕರೆಂಟು ಬಿಟ್ಟರೆ ಜೀವ ಹೋಗುತ್ತದೆಂದು ಕರೆಂಟು ಕೊಡುವ ಕಂಪನಿ ಹೆಸ್ಕಾಂನವರು ಫೀಡರನ್ನೇ ಬಂದ್ ಮಾಡುತ್ತಾರೆ. ಅದು ಸರಿಯಾದ ಕೆಲಸವೇ.

ಹೊಳೆಯ ಮಾತು ಬಿಟ್ಟರೂ ಕತ್ತಲೆಗೆ ಕಾರಣಗಳು ಕಡಿಮೆಯಿಲ್ಲ. ರೋಹಿಣಿ ಮಳೆಗೆ ಮುಂಚೆ, ಮೇ ತಿಂಗಳ ಸಂಜೆ ಏಳುವ ಬಿರುಗಾಳಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯಲ್ಲಿ ಕಂಬ ವಾಲುವುದು, ಬೇವಿನ ಟೊಂಗೆ ತಂತಿಯ ಮೇಲೆ ಬೀಳುವುದು ವರ್ಷ ವರ್ಷದ ಮಾತು. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಬದಲಿ ಟಿಸಿ ಬಂದು ಕೂರುವವರೆಗೂ ಕಾಯಬೇಕು. 2023ರ ಬರದಲ್ಲಿ ಪಂಪ್‌ಸೆಟ್ಟಿಗೆ ಕೊಡುವ ತ್ರೀಫೇಸ್ 7 ತಾಸಿನಿಂದ 5 ತಾಸಿಗೆ ಇಳಿದಾಗ ಹೊಲದ ವಸ್ತಿಗಳಲ್ಲಿ ಇರುವವರ ಪಾಡು ಇನ್ನೂ ಬಿಗಡಾಯಿಸಿತ್ತು. ಬಸವನಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರವಿದೆ, ಆಲಮಟ್ಟಿಯಲ್ಲಿ 290 ಮೆಗಾವಾಟಿನ ಜಲವಿದ್ಯುದಾಗಾರವಿದೆ. ಆದರೆ ಮನೆಗೆ ಕರೆಂಟು ಬರುವುದು ಊರ ಕಡೆಯ ಟಿಸಿಯಿಂದ, ಮನೆಯ ಮುಂದಿನ ಕಂಬದಿಂದ. ಆ ಕಡೆಯ ಮೊಳದ ತಂತಿ ಹರಿದರೆ ಅಷ್ಟು ದೊಡ್ಡ ಸ್ಥಾವರ ಪಕ್ಕದಲ್ಲಿದ್ದೂ ಮನೆಗೆ ಬೆಳಕಿಲ್ಲ.

ಹಾಗಾಗಿ ಜನ ಸಣ್ಣ ಜನರೇಟರ್ ತರುತ್ತಾರೆ. ಹಿಂದೆ ಅಂಗಡಿ ಮುಂಗಟ್ಟುಗಳ ಎದುರು ಪೆಟ್ರೋಲ್‌ನಿಂದ ಚಾಲೂ ಮಾಡಿ ಚಿಮಣಿ ಎಣ್ಣೆಗೆ ತಿರುಗಿಸುವ ಜನರೇಟರುಗಳು ಗಡಗಡ ಅನ್ನುತ್ತಿದ್ದವು. ಈಗ ಇಬ್ಬರು ಎತ್ತಿ ಒಯ್ಯಬಹುದಾದ ಪೆಟ್ರೋಲ್ ಜನರೇಟರುಗಳು ಪೇಟೆಯಲ್ಲಿ ಸಿಗುತ್ತವೆ, ಶಾಮಿಯಾನದವರ ಹತ್ತಿರ ಬಾಡಿಗೆಗೂ ಸಿಗುತ್ತವೆ. ಮನೆಯಲ್ಲಿ ಉಸಿರಾಟದ ತೊಂದರೆಯ ಮುದುಕರಿದ್ದರೆ, ಫ್ರಿಜ್ಜಿನಲ್ಲಿ ಇನ್ಸುಲಿನ್ ಇದ್ದರೆ, ಮಾರ್ಚ್ ತಿಂಗಳಲ್ಲಿ ಹತ್ತನೇ ಇಯತ್ತೆಯ ಮಗುವಿದ್ದರೆ ಜನರೇಟರ್ ಬೇಕೆನ್ನುವುದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಜನರೇಟರಿನ ಮೇಲಲ್ಲ. ಅದನ್ನು ಮನೆಗೆ ಜೋಡಿಸುವ ರೀತಿಯ ಮೇಲೆ.

ಸುಲಭವೆಂದು ಕಾಣುವ ರೀತಿ ಹೀಗಿರುತ್ತದೆ. ಒಂದು ವೈರಿನ ಎರಡೂ ತುದಿಗೆ ಪ್ಲಗ್ ಕೂಡಿಸುತ್ತಾರೆ. ಒಂದು ಪ್ಲಗ್ ಜನರೇಟರಿಗೆ, ಇನ್ನೊಂದು ಪ್ಲಗ್ ಮನೆಯ ಗೋಡೆಯ ಸಾಕೆಟ್ಟಿಗೆ. ಜನರೇಟರ್ ಚಾಲೂ ಮಾಡಿದರೆ ಮನೆಯೆಲ್ಲ ಬೆಳಗುತ್ತದೆ. ಸಾಕೆಟ್ಟಿನಿಂದ ಹೊರಗೆ ಬರಬೇಕಾದ ಕರೆಂಟು ಸಾಕೆಟ್ಟಿನೊಳಗೆ ಹೊಕ್ಕು, ವೈರಿಂಗಿನಲ್ಲಿ ಹಿಂದಕ್ಕೆ ಹರಿದು, ಬೋರ್ಡಿಗೆ ಬಂದು, ಅಲ್ಲಿಂದ ಉಳಿದ ಕೋಣೆಗಳಿಗೆ ಹೋಗುತ್ತದೆ. ಬರೀ ಕೋಣೆಗಳಿಗೆ ಅಷ್ಟೇ ಅಲ್ಲ. ಮೇನ್ ಸ್ವಿಚ್ ಚಾಲೂ ಇದ್ದರೆ ಮೀಟರನ್ನು ದಾಟಿ, ಸರ್ವಿಸ್ ವೈರ್ ಹಿಡಿದು, ಕಂಬಕ್ಕೂ ಹೋಗುತ್ತದೆ.

"ಮೇನ್ ಆಫ್ ಮಾಡೇ ಹಚ್ತೀನ್ರೀ, ಏನೂ ಆಗೂದಿಲ್ಲ" ಎನ್ನುವವರಿದ್ದಾರೆ. ಅವರ ಮಾತು ನಂಬಬಹುದು, ಅವರು ಎಚ್ಚರವಿದ್ದಾಗ. ಆದರೆ ಕತ್ತಲಲ್ಲಿ, ಮಳೆಯಲ್ಲಿ, ಮಗು ಅಳುತ್ತಿರುವಾಗ, ಅವರು ಊರಲ್ಲಿಲ್ಲದೆ ತಮ್ಮನೋ ಮಗನೋ ಜನರೇಟರ್ ಚಾಲೂ ಮಾಡುವಾಗ ಆ ನೆನಪು ಯಾರ ತಲೆಯಲ್ಲಿರುತ್ತದೆ? ಒಂದು ದಿನ ಮರೆತರೆ ಸಾಕು. ಮನುಷ್ಯನ ನೆನಪಿನ ಮೇಲೆ ನಿಂತ ಸುರಕ್ಷತೆಯನ್ನು ನಾನು ಸುರಕ್ಷತೆ ಎನ್ನಲಾರೆ.

ಕಂಬಕ್ಕೆ ಹೋದ ಕರೆಂಟು ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಅಪಾಯದ ಬೇರು ಇಲ್ಲಿದೆ. ಊರ ಟಿಸಿಗೆ ಮೇಲಿನಿಂದ 11,000 ವೋಲ್ಟ್ ಬರುತ್ತದೆ. ಅದನ್ನು ಟಿಸಿ 433 ವೋಲ್ಟಿಗೆ ಇಳಿಸಿ ಊರಿಗೆ ಕೊಡುತ್ತದೆ. ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಅದು 250 ವೋಲ್ಟ್ ಆಗಿ, ಮನೆ ಮುಟ್ಟುವ ಹೊತ್ತಿಗೆ 230ರ ಆಸುಪಾಸಿನಲ್ಲಿರುತ್ತದೆ. ಆದರೆ ಟಿಸಿಗೆ ಮೇಲೆ ಕೆಳಗೆ ಎಂಬ ಭೇದವಿಲ್ಲ. ಅದೊಂದು ಏಣಿ, ಇಳಿಯಲು ಬರುವಂತೆ ಹತ್ತಲೂ ಬರುತ್ತದೆ. ಮೇಲಿನ ಸುತ್ತಿಗೂ ಕೆಳಗಿನ ಸುತ್ತಿಗೂ 44ಕ್ಕೆ 1ರ ಲೆಕ್ಕವಿದೆ. ಕೆಳಗಿನಿಂದ ಜನರೇಟರಿನ 230 ವೋಲ್ಟ್ ಕೊಟ್ಟರೆ ಮೇಲಿನ ತಂತಿಯಲ್ಲಿ ಸುಮಾರು 10,000 ವೋಲ್ಟ್ ಎದ್ದು ನಿಲ್ಲುತ್ತದೆ.

ಬಲ್ಲವರು ಇಲ್ಲೊಂದು ಪ್ರಶ್ನೆ ಎತ್ತುತ್ತಾರೆ. ಇಡೀ ಊರಿನ ಬಲ್ಬು, ಫ್ಯಾನುಗಳ ಭಾರವನ್ನು ಎರಡು ಕೆವಿಎ ಜನರೇಟರ್ ಹೊರುವುದುಂಟೇ, ಅದು ಆ ಕ್ಷಣವೇ ಬಂದ್ ಬೀಳುವುದಿಲ್ಲವೇ? ಹೌದು, ಊರೆಲ್ಲ ಜೋಡಿಸಿದ್ದರೆ ಬಂದ್ ಬೀಳುತ್ತದೆ. ಆದರೆ ಕರೆಂಟು ಹೋಗಿರುವುದು ಬಹಳ ಸಲ ತಂತಿ ಹರಿದಿರುವುದರಿಂದಲೇ. ಗಾಳಿಗೆ ನಿಮ್ಮ ಓಣಿಯ ಲೈನ್ ತುಂಡಾಗಿ ಬಿದ್ದಿದ್ದರೆ ನಿಮ್ಮ ಕಡೆ ಉಳಿದಿರುವುದು ನಾಲ್ಕೈದು ಮನೆ. ಬರೀ ಬಲ್ಬು, ಫ್ಯಾನು ಹಚ್ಚಿದ್ದರೆ ಅಷ್ಟನ್ನು ಜನರೇಟರ್ ಹೊರಬಲ್ಲದು. ನೆಲದ ಮೇಲೆ ಬಿದ್ದ ತುಂಡಿನಲ್ಲಿ ಆಗ ನಿಮ್ಮ ಮನೆಯ ಕರೆಂಟು ಇರುತ್ತದೆ. ಹೊಲದ ವಸ್ತಿಯಲ್ಲಿ ಇದು ಇನ್ನೂ ಹೆಚ್ಚು. ಅಲ್ಲಿ 25 ಕೆವಿಎ ಟಿಸಿಗೆ ಎರಡು ಮೂರು ಪಂಪ್‌ಸೆಟ್ ಮಾತ್ರ ಇರುತ್ತವೆ, ಸ್ಟಾರ್ಟರ್‌ಗಳು ಆಫ್ ಆಗಿರುತ್ತವೆ. ಭಾರವೇ ಇಲ್ಲದ ಟಿಸಿಯನ್ನು ಸಣ್ಣ ಜನರೇಟರೂ ಎಬ್ಬಿಸಿಬಿಡಬಲ್ಲದು.

ಈಗ ಕಂಬದ ಮೇಲಿರುವವನನ್ನು ನೆನೆಯಿರಿ. ಪವರ್‌ಮನ್ ಕೆಲಸಕ್ಕೆ ಇಳಿಯುವ ಮುಂಚೆ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತೆಗೆದುಕೊಳ್ಳುತ್ತಾನೆ. ಅಂದರೆ ಲೈನ್ ಬಂದ್ ಮಾಡಿದ್ದೇವೆ, ನೀನು ಹತ್ತಬಹುದು ಎಂಬ ಒಪ್ಪಿಗೆ. ಟಿಸಿ ಹತ್ತಿರ ಜಿಓಎಸ್ ಎಂಬ ಲೈನ್ ಸ್ವಿಚ್ ಎಳೆಯುತ್ತಾನೆ. ಇಷ್ಟಾದರೆ ಮೇಲಿನಿಂದ ಬರುವ ಕರೆಂಟು ನಿಂತಂತೆಯೇ. ಕೆಳಗಿನಿಂದ, ಯಾರದೋ ಮನೆಯ ಪಡಸಾಲೆಯ ಸಾಕೆಟ್ಟಿನಿಂದ ಬರುವ ಕರೆಂಟಿಗೆ ಎಲ್‌ಸಿಯ ಹಂಗಿಲ್ಲ. ತಂತಿಗೆ ಅರ್ಥಿಂಗ್ ರಾಡ್ ಹಾಕಿಯೇ ಮುಟ್ಟಬೇಕೆಂಬ ನಿಯಮವಿರುವುದು ಇಂಥದ್ದಕ್ಕೇ. ಆದರೆ ರಾತ್ರಿ, ಮಳೆ, ಕೆಸರು, "ಯಾವಾಗ ಬರ್ತೈತ್ರಿ ಕರೆಂಟು" ಎಂದು ಹತ್ತು ಕಡೆಯಿಂದ ಫೋನು, ಕೈಯಲ್ಲಿ ಸರಿಯಾದ ಗ್ಲೌಸ್ ಇದೆಯೋ ಇಲ್ಲವೋ. ಅವನು ರಾಡ್ ಹಾಕಲಿಲ್ಲ ಎಂದು ಆಮೇಲೆ ಬರೆಯುವುದು ಸುಲಭ. ನಮಗೆ ಬೆಳಕು ತರಲು ಹತ್ತಿದವನಿಗೆ ನಮ್ಮ ಮನೆಯಿಂದಲೇ ಶಾಕ್ ಹೋಗಬಾರದು ಎಂಬುದಷ್ಟನ್ನು ನಾವು ನೋಡಿಕೊಳ್ಳಬೇಕು. ಅದು ನಮ್ಮ ಕೈಯಲ್ಲಿದೆ.

ಆ ಎರಡು ಪ್ಲಗ್ಗಿನ ವೈರು ಮನೆಯವರಿಗೂ ಸುರಕ್ಷಿತವಲ್ಲ. ಒಂದು ತುದಿ ಜನರೇಟರಿನಲ್ಲಿದ್ದು ಇನ್ನೊಂದು ಕಳಚಿ ಬಿದ್ದರೆ ಅದರ ಹಿತ್ತಾಳೆ ಪಿನ್ನುಗಳಲ್ಲಿ 230 ವೋಲ್ಟ್ ಬೆತ್ತಲೆಯಾಗಿ ನಿಂತಿರುತ್ತದೆ, ಅಂಬೆಗಾಲಿಡುವ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ. ಕರೆಂಟು ಸಾಕೆಟ್ಟಿನ ಕಡೆಯಿಂದ ಹೊಕ್ಕಿದ್ದರಿಂದ ಆ ಲೈನಿನ ಎಂಸಿಬಿ ತನ್ನ ಕಾವಲು ಕೆಲಸ ಸರಿಯಾಗಿ ಮಾಡಲಾರದು. ಇನ್ನು ಜನರೇಟರ್ ನಡೆಯುತ್ತಿರುವಾಗಲೇ ಹೆಸ್ಕಾಂ ಕರೆಂಟು ಬಂದುಬಿಟ್ಟರೆ ಎರಡು ಕರೆಂಟು ಎದುರುಬದುರು ಡಿಕ್ಕಿ ಹೊಡೆಯುತ್ತವೆ. ಎರಡರ ತಾಳ ಒಂದೇ ಇರುವುದಿಲ್ಲ. ಗ್ರಿಡ್ಡಿನ ಬಲದ ಮುಂದೆ ಸಣ್ಣ ಜನರೇಟರಿನ ವೈಂಡಿಂಗ್ ಸುಟ್ಟುಹೋಗುತ್ತದೆ. ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕ್ ಇರುತ್ತದೆ ಎನ್ನುವುದನ್ನು ಮರೆಯಬೇಡಿ.

ಇದಕ್ಕೆಲ್ಲ ಉತ್ತರ ಒಂದು ಕಬ್ಬಿಣದ ಪೆಟ್ಟಿಗೆ. ಚೇಂಜ್‌ಓವರ್ ಸ್ವಿಚ್ ಎಂದು ಕೇಳಿದರೆ ಇಂಡಿ, ಸಿಂದಗಿ, ವಿಜಯಪುರದ ಯಾವ ಎಲೆಕ್ಟ್ರಿಕಲ್ ಅಂಗಡಿಯವರಾದರೂ ಕೊಡುತ್ತಾರೆ. ಹಿಡಿಕೆ ಮೇಲಿದ್ದರೆ ಮನೆ ಹೆಸ್ಕಾಂಗೆ ಜೋಡಿ, ಕೆಳಗಿದ್ದರೆ ಜನರೇಟರಿಗೆ ಜೋಡಿ, ನಡುವೆ ನಿಂತರೆ ಎರಡಕ್ಕೂ ಇಲ್ಲ. ಒಂದನ್ನು ಬಿಡದೆ ಇನ್ನೊಂದನ್ನು ಹಿಡಿಯಲು ಅದಕ್ಕೆ ಬರುವುದೇ ಇಲ್ಲ. ಯಾರು ಮರೆತರೂ, ಯಾರು ಅವಸರ ಮಾಡಿದರೂ, ಮನೆಯ ಹುಡುಗ ಹೋಗಿ ಎಳೆದರೂ ಎರಡು ಕರೆಂಟು ಕೂಡುವುದಿಲ್ಲ. ನಾನು ಇದನ್ನು ಇಷ್ಟು ಒತ್ತಿ ಹೇಳುವುದು ಇದೊಂದೇ ಗುಣಕ್ಕೆ: ಇದು ಯಾರ ನೆನಪನ್ನೂ ಬೇಡುವುದಿಲ್ಲ.

ಅದನ್ನು ಕೂಡಿಸುವ ಜಾಗ ಮೀಟರ್ ಮತ್ತು ಮೇನ್ ಸ್ವಿಚ್ ಆದ ಮೇಲೆ, ಮನೆಯ ಕೋಣೆಗಳಿಗೆ ಲೈನು ಹಂಚುವ ಬೋರ್ಡಿಗೆ ಮುಂಚೆ. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು ಬೇಕು. ಫೇಸ್ ಮಾತ್ರವಲ್ಲ, ನ್ಯೂಟ್ರಲ್ ಕೂಡ ಅದರೊಳಗೇ ಹೊರಳಬೇಕು. ಇಲ್ಲಿ ಕೆಲವರು ಉಳಿತಾಯಕ್ಕೆ ಹೋಗುತ್ತಾರೆ, "ನ್ಯೂಟ್ರಲ್ ತಾನೇ, ಅದರಾಗ ಏನೈತಿ" ಎಂದು ಅದನ್ನು ನೇರ ಜೋಡಿಸಿಬಿಡುತ್ತಾರೆ. ನಿಮ್ಮ ಜನರೇಟರಿನ ನ್ಯೂಟ್ರಲ್ ಊರಿನ ನ್ಯೂಟ್ರಲ್ ತಂತಿಗೆ ಅಂಟಿಕೊಂಡೇ ಉಳಿದರೆ, ಒಳಗೆಲ್ಲೋ ವೈರು ಅದಲುಬದಲಾಗಿದ್ದ ದಿನ ಆ ತಂತಿಯೇ ಜೀವಂತವಾಗಿ ಕಂಬದ ಮೇಲಿರುತ್ತದೆ. ತ್ರೀಫೇಸ್ ಮನೆಗೆ ನಾಲ್ಕು ಪೋಲಿನದು ಹಾಕಬೇಕು. ಬೋರ್ಡಿನಲ್ಲಿ ಅಕ್ಕಪಕ್ಕ ಎರಡು ಎಂಸಿಬಿ ಕೂಡಿಸಿ "ಒಂದು ಹೆಸ್ಕಾಂದು, ಒಂದು ಜನರೇಟರಿಂದು, ಒಂದನ್ನ ಇಳಿಸಿ ಇನ್ನೊಂದನ್ನ ಏರಿಸ್ರಿ" ಎಂದು ಹೇಳಿಹೋಗುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಅವೆರಡರ ನಡುವೆ ಒಂದನ್ನೊಂದು ತಡೆಯುವ ಲಾಕ್ ಇಲ್ಲದಿದ್ದರೆ ಅದು ಚೇಂಜ್‌ಓವರ್ ಅಲ್ಲ, ಎರಡು ಪ್ಲಗ್ಗಿನ ವೈರಿನ ಇನ್ನೊಂದು ರೂಪ. ಒಪ್ಪಬೇಡಿ.

ಮೀಟರಿಗೆ ಮುಂಚೆ ಎಲ್ಲಿಂದಲಾದರೂ ಹುಕ್ ಹಾಕಿದ ಲೈನ್ ಮನೆಗೆ ಬರುತ್ತಿದ್ದರೆ ಚೇಂಜ್‌ಓವರ್ ಹಾಕಿಯೂ ಪ್ರಯೋಜನವಿಲ್ಲ. ಆ ಕಳ್ಳದಾರಿಯಿಂದ ಕರೆಂಟು ಕಂಬಕ್ಕೆ ಹೋಗೇ ಹೋಗುತ್ತದೆ.

ಜನರೇಟರಿನಿಂದ ಮನೆಗೆ ಬರುವ ವೈರಿನ ಬಗ್ಗೆ ಒಂದು ಮಾತು. ಹೊರಗೋಡೆಗೆ ಮಳೆ ತಾಗದ ಕಡೆ ಇಂಡಸ್ಟ್ರಿಯಲ್ ಪ್ಲಗ್ಗಿನ ಪೆಟ್ಟಿಗೆ ಕೂಡಿಸಿದರೆ ಒಳ್ಳೆಯದು. ಅದರಲ್ಲಿ ಪಿನ್ನು ಗೋಡೆಯ ಕಡೆಗಿರುತ್ತದೆ, ವೈರಿನ ಕಡೆ ಬರೀ ರಂಧ್ರ. ವೈರು ಕಳಚಿದರೂ ಕೈಗೆ ಕರೆಂಟು ಸಿಗುವುದಿಲ್ಲ. ಎರಡು ಕೆವಿಎ ಜನರೇಟರ್ 9 ಆಂಪಿಯರ್‌ನಷ್ಟು ಕೊಡುತ್ತದೆ. ಅದಕ್ಕೆ ಮೂರು ಎಳೆಯ, 2.5 ಚದರ ಮಿಲಿಮೀಟರಿನ ತಾಮ್ರದ ರಬ್ಬರ್ ಕೇಬಲ್ ಸಾಕು. ಮದುವೆ ಲೈಟಿಂಗಿನ ತೆಳ್ಳನೆಯ ಹಳದಿ ಕೆಂಪು ವೈರು ಬೇಡ.

ಅರ್ಥಿಂಗ್ ನಮ್ಮ ಸೀಮೆಯಲ್ಲಿ ಬಹಳ ಅಲಕ್ಷ್ಯಕ್ಕೆ ಬಿದ್ದ ಸಂಗತಿ. ಎರೆ ಭೂಮಿ ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಕರೆಂಟನ್ನು ಚೆನ್ನಾಗಿ ಒಳಗೆಳೆದುಕೊಳ್ಳುತ್ತದೆ. ಬೇಸಿಗೆ ಬಂತೆಂದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಅರ್ಥ್ ಗುಂಡಿಯ ಪೈಪಿಗೂ ಮಣ್ಣಿಗೂ ಸಂಬಂಧವೇ ತಪ್ಪುತ್ತದೆ. ಇದ್ದಿಲು ಉಪ್ಪು ಹಾಕಿ ಗುಂಡಿ ಮಾಡಿಸಿದವರು ಆಮೇಲೆ ಅದರ ಕಡೆ ತಿರುಗಿ ನೋಡುವುದಿಲ್ಲ. ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಸುರಿದರೆ ಅದು ಮತ್ತೆ ಕೆಲಸ ಮಾಡುತ್ತದೆ. ಜನರೇಟರಿನ ಬಾಡಿಯನ್ನೂ ಈ ಅರ್ಥಿಗೆ ಜೋಡಿಸಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಎಲೆಕ್ಟ್ರಿಷಿಯನ್‌ಗಳಲ್ಲೂ ಎಲ್ಲರಿಗೂ ತಿಳಿದಿರುವುದಿಲ್ಲ. ಶಾಕ್ ಹೊಡೆದಾಗ ಕರೆಂಟು ಕಡಿಯುವ ಆರ್‌ಸಿಸಿಬಿಯನ್ನು ಈಗ ಹೊಸ ಮನೆಗಳಲ್ಲಿ ಹಾಕಿಸುತ್ತಾರೆ. ಹೆಸ್ಕಾಂ ಲೈನಿನಲ್ಲಿ ಅದು ಕೆಲಸ ಮಾಡುತ್ತದೆ, ಯಾಕೆಂದರೆ ಟಿಸಿ ಹತ್ತಿರ ನ್ಯೂಟ್ರಲನ್ನು ನೆಲಕ್ಕೆ ಕಟ್ಟಿರುತ್ತಾರೆ. ಮೈಮೂಲಕ ನೆಲಕ್ಕೆ ಸೋರಿದ ಕರೆಂಟಿಗೆ ಹಿಂದಿರುಗುವ ದಾರಿ ಇರುತ್ತದೆ, ಆ ಸೋರಿಕೆಯನ್ನು ಆರ್‌ಸಿಸಿಬಿ ಹಿಡಿಯುತ್ತದೆ. ಸಣ್ಣ ಜನರೇಟರುಗಳಲ್ಲಿ ಬಹಳಷ್ಟಕ್ಕೆ ನ್ಯೂಟ್ರಲ್ ನೆಲಕ್ಕಾಗಲಿ ಬಾಡಿಗಾಗಲಿ ಕಟ್ಟಿರುವುದಿಲ್ಲ. ಆಗ ಮನೆಯ ಆರ್‌ಸಿಸಿಬಿ ಇದ್ದೂ ಇಲ್ಲದಂತೆ. ಜನರೇಟರಿನ ಕೈಪಿಡಿ ನೋಡಿ, ಕಂಪನಿ ಒಪ್ಪುವುದಾದರೆ ಜನರೇಟರಿನ ಹತ್ತಿರವೇ ನ್ಯೂಟ್ರಲನ್ನು ಅರ್ಥಿಗೆ ಕಟ್ಟಿಸಬೇಕು. ನ್ಯೂಟ್ರಲ್ ಕೂಡ ಹೊರಳುವ ಚೇಂಜ್‌ಓವರ್ ಬೇಕೆನ್ನಲು ಇದೂ ಒಂದು ಕಾರಣ. ಕೆಲಸ ಮುಗಿದ ಮೇಲೆ ಜನರೇಟರ್ ಮೇಲೆ ಮನೆ ನಡೆಯುತ್ತಿರುವಾಗ ಆರ್‌ಸಿಸಿಬಿಯನ್ನು ಪರೀಕ್ಷಿಸಿ ತೋರಿಸಿರೆಂದು ಎಲೆಕ್ಟ್ರಿಷಿಯನ್‌ಗೆ ಹೇಳಿ. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದರೆ ಒಳಗಿನ ಯಂತ್ರ ಸರಿಯಿದೆಯೇ ಎಂಬುದಷ್ಟೇ ತಿಳಿಯುತ್ತದೆ, ಅರ್ಥಿನ ದಾರಿ ಸರಿಯಿದೆಯೇ ಎಂಬುದು ತಿಳಿಯುವುದಿಲ್ಲ.

ಎಷ್ಟು ದೊಡ್ಡ ಜನರೇಟರ್ ಬೇಕು? ಎಂಟು ಎಲ್‌ಇಡಿ ಬಲ್ಬಿಗೆ 72 ವಾಟ್, ಮೂರು ಹಳೆಯ ಫ್ಯಾನಿಗೆ 225, ಟಿವಿಗೆ 80, ಫ್ರಿಜ್ಜಿಗೆ 150, ಮೊಬೈಲ್ ಚಾರ್ಜರುಗಳಿಗೆ 30 ಎಂದು ಹಿಡಿದರೂ 560 ವಾಟ್ ದಾಟುವುದಿಲ್ಲ. ಫ್ರಿಜ್ಜು ಚಾಲೂ ಆಗುವ ಕ್ಷಣದಲ್ಲಿ ನಾಲ್ಕೈದು ಪಟ್ಟು ಎಳೆಯುತ್ತದೆ, ಅದನ್ನೂ ಸೇರಿಸಿದರೆ ಒಂದೂವರೆಯಿಂದ ಎರಡು ಕೆವಿಎ ಧಾರಾಳ. ಒಂದು ಎಚ್‌ಪಿ ನೀರಿನ ಮೋಟಾರ್ ನಡೆಯುವಾಗ ಸಾವಿರ ವಾಟ್ ಆಸುಪಾಸು ತಿಂದರೂ ಎದ್ದೇಳುವಾಗ ಐದಾರು ಪಟ್ಟು ಕರೆಂಟು ಬೇಡುತ್ತದೆ. ಎರಡು ಕೆವಿಎ ಅದನ್ನು ಎಬ್ಬಿಸಲಾರದು. ಗೀಸರ್, ಇಸ್ತ್ರಿ ಪೆಟ್ಟಿಗೆ ಲೆಕ್ಕಕ್ಕೇ ಬೇಡ. ನಾಲ್ಕು ದಿನ ಕರೆಂಟಿಲ್ಲದಿದ್ದರೆ ನಮ್ಮ ಕಡೆ ದೊಡ್ಡ ಚಿಂತೆ ಗಿರಣಿಯದು, ಜೋಳ ಇದ್ದೂ ರೊಟ್ಟಿಗೆ ಹಿಟ್ಟಿಲ್ಲ. ಊರ ಗಿರಣಿಯ ತ್ರೀಫೇಸ್ ಮೋಟಾರನ್ನು ಮನೆಯ ಸಿಂಗಲ್ ಫೇಸ್ ಜನರೇಟರ್ ತಿರುಗಿಸಲಾರದು. ಪಂಪ್‌ಸೆಟ್ಟಿಗೆ ಮಾಡುವಂತೆ ಕಂಡೆನ್ಸರ್ ಹಾಕಿ ನೋಡೋಣ ಎನ್ನಬೇಡಿ, ಎರಡೂ ಸುಡುತ್ತವೆ. ಹೊಳೆದಂಡೆಯ ಊರಿನವರು ನೀರು ಏರುವ ಸುದ್ದಿ ಬಂದ ದಿನವೇ ಹಿಟ್ಟು ಬೀಸಿಟ್ಟುಕೊಳ್ಳುವುದು ಜಾಣತನ.

ಖರ್ಚಿನ ಮಾತನ್ನೂ ಹೇಳಬೇಕು. ಇಂಥ ಜನರೇಟರ್ ಚೆನ್ನಾಗಿ ಭಾರವಿದ್ದಾಗ ಲೀಟರ್ ಪೆಟ್ರೋಲಿಗೆ ಎರಡು ಯೂನಿಟ್ಟಿನ ಹತ್ತಿರ ಕೊಡುತ್ತದೆ, ನಾಲ್ಕು ಬಲ್ಬು ಮಾತ್ರ ಉರಿಸಿದರೆ ಅದಕ್ಕೂ ಕಡಿಮೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಒಂದು ಯೂನಿಟ್ಟಿಗೆ ಐವತ್ತಕ್ಕಿಂತ ಹೆಚ್ಚು ಬೀಳುತ್ತದೆ. ಹಗಲು ರಾತ್ರಿ ಓಡಿಸುವುದಕ್ಕಿಂತ, ಇನ್ವರ್ಟರ್ ಇದ್ದ ಮನೆಯಲ್ಲಿ ದಿನಕ್ಕೆ ಕೆಲವು ತಾಸು ಜನರೇಟರ್ ನಡೆಸಿ ಫ್ರಿಜ್ಜು ತಣ್ಣಗೆ ಮಾಡಿಕೊಂಡು, ಬ್ಯಾಟರಿ ತುಂಬಿಕೊಂಡು, ರಾತ್ರಿ ಬ್ಯಾಟರಿಯ ಮೇಲೆ ಬಲ್ಬು ಫ್ಯಾನು ನಡೆಸುವುದು ಲೇಸು. ಹಾಗೆ ಮಾಡುವಾಗ ಚೇಂಜ್‌ಓವರ್ ಇನ್ವರ್ಟರಿಗೆ ಮುಂಚೆ ಬರಬೇಕು. ಇನ್ವರ್ಟರಿನಿಂದ ಹೊರಗೆ ಬರುವ ಲೈನಿಗೆ ಜನರೇಟರ್ ಜೋಡಿಸಿದರೆ ಅಲ್ಲೂ ಎರಡು ಕರೆಂಟು ಕೂಡುತ್ತವೆ. ಮನೆ ಮೇಲೆ ಗ್ರಿಡ್‌ಗೆ ಜೋಡಿಸಿದ ಸೋಲಾರ್ ಇರುವವರು ಹೆಚ್ಚು ಎಚ್ಚರ ವಹಿಸಬೇಕು. ಲೈನ್ ಹೋದ ಕೂಡಲೇ ಆ ಸೋಲಾರ್ ತಾನೇ ಬಂದ್ ಆಗುವಂತೆ ಮಾಡಿರುವುದು ಪವರ್‌ಮನ್‌ನ ಜೀವ ಉಳಿಸಲೆಂದೇ. ಆದರೆ ಜನರೇಟರಿನ ಕರೆಂಟನ್ನೇ ಗ್ರಿಡ್ ಎಂದು ತಿಳಿದು ಅದು ಮತ್ತೆ ಚಾಲೂ ಆಗಿ ಜನರೇಟರಿಗೇ ಕರೆಂಟು ನುಗ್ಗಿಸಬಹುದು. ಜನರೇಟರ್ ನಡೆಯುವಾಗ ಸೋಲಾರ್ ಸ್ವಿಚ್ ಆಫ್ ಇರಲಿ.

ಜನರೇಟರಿನಲ್ಲಿ ಶಾಕಿನಷ್ಟೇ ಹೆದರಬೇಕಾದದ್ದು ಹೊಗೆಗೆ. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಮಂಪರು. ಮಲಗಿದವರಿಗೆ ಇದ್ಯಾವುದೂ ತಿಳಿಯುವುದಿಲ್ಲ, ಮಲಗಿದಲ್ಲೇ ಹೋಗುತ್ತಾರೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪ್ರಕಾರ ಆ ದೇಶವೊಂದರಲ್ಲೇ ಸಣ್ಣ ಜನರೇಟರುಗಳ ಈ ಅನಿಲಕ್ಕೆ ವರ್ಷಕ್ಕೆ ನೂರರ ಹತ್ತಿರ ಜನ ಸಾಯುತ್ತಾರೆ. 2020ರ ಆಗಸ್ಟ್‌ನಲ್ಲಿ, ನಮ್ಮಲ್ಲಿ ಭೀಮೆ ಉಕ್ಕುವುದಕ್ಕೆ ಎರಡು ತಿಂಗಳು ಮುಂಚೆ, ಅಲ್ಲಿಯ ಲೂಯಿಸಿಯಾನಕ್ಕೆ ಲಾರಾ ಚಂಡಮಾರುತ ಬಡಿಯಿತು. ಸತ್ತವರಲ್ಲಿ ದೊಡ್ಡ ಪಾಲು ಗಾಳಿಗೂ ನೀರಿಗೂ ಸತ್ತವರಲ್ಲ, ಗಾಳಿ ನಿಂತ ಮೇಲೆ ಜನರೇಟರಿನ ಹೊಗೆ ಕುಡಿದು ಸತ್ತವರು.

ನಮ್ಮ ಮನೆಗಳ ರೀತಿಗೆ ಇದು ಇನ್ನೂ ಅಪಾಯ. ದಪ್ಪ ಗೋಡೆಯ ಮಾಳಿಗೆ ಮನೆ, ಬೆಳಕಿಂಡಿ ಒಂದೋ ಎರಡೋ, ಮಳೆಯೆಂದು ಅದನ್ನೂ ಮುಚ್ಚಿರುತ್ತೇವೆ. ಮಳೆಗೆ ನೆನೆದೀತು, ಕಳ್ಳರು ಒಯ್ದಾರು ಎಂದು ಜನರೇಟರನ್ನು ಪಡಸಾಲೆಯಲ್ಲೋ ದನದ ಕೊಟ್ಟಿಗೆಯಲ್ಲೋ ಬಾಗಿಲು ಮುಚ್ಚಿದ ತಗಡಿನ ಶೆಡ್ಡಿನಲ್ಲೋ ಇಡುತ್ತಾರೆ. ಕಿಟಕಿ ತೆರೆದಿದ್ದೇವೆ ಎನ್ನುವುದು ಉತ್ತರವಲ್ಲ. ಜನರೇಟರ್ ಬಯಲಲ್ಲಿ, ಮನೆಯಿಂದ 20 ಅಡಿಯಾದರೂ ದೂರ, ಬಾಗಿಲು ಕಿಟಕಿಗಳಿಗೆ ಹೊಗೆಕೊಳವೆ ಬೆನ್ನು ಮಾಡಿಕೊಂಡು ಇರಬೇಕು. ಮಳೆಗೆ ಮೇಲೆ ನಾಲ್ಕು ಕಾಲಿನ ತಗಡು ಹಾಕಿ, ಸುತ್ತಲೂ ಗೋಡೆ ಬೇಡ. ಕಳ್ಳರ ಭಯವಿದ್ದರೆ ಸರಪಳಿ ಹಾಕಿ ಬೀಗ ಜಡಿಯಿರಿ. ಪಕ್ಕದ ಮನೆಯವರ ಕಿಟಕಿ ಎಲ್ಲಿದೆ ಎಂದೂ ನೋಡಿ. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೇ ತಲೆನೋವು ಬಂದರೆ ಮೊದಲು ಎಲ್ಲರನ್ನೂ ಹೊರಗೆ ಕರೆತನ್ನಿ, ಆಮೇಲೆ ಉಳಿದ ವಿಚಾರ. ಪೆಟ್ರೋಲ್ ಹಾಕುವುದು ಇಂಜಿನ್ ಬಂದ್ ಮಾಡಿ, ಆರಿದ ಮೇಲೆ.

ನೆರೆ ಬಂದಾಗ ಮಾತ್ರ ಈ ಲೆಕ್ಕವೆಲ್ಲ ಬದಲಾಗುತ್ತದೆ. ಅಂಗಳಕ್ಕೆ ನೀರು ಬಂದ ಮೇಲೆ ಜನರೇಟರ್ ಆಸೆ ಬಿಟ್ಟುಬಿಡಿ, ಮೇನ್ ಇಳಿಸಿ ಎತ್ತರದ ಜಾಗಕ್ಕೆ ಹೋಗಿ. ನೀರು ಇಳಿದ ಮೇಲೂ ಗೋಡೆಯೊಳಗಿನ ಪೈಪು, ಸಾಕೆಟ್ಟು, ಬೋರ್ಡಿನಲ್ಲಿ ತೇವವಿರುತ್ತದೆ. ಎಲೆಕ್ಟ್ರಿಷಿಯನ್ ಬಂದು ಸೋರಿಕೆ ತೋರಿಸುವ ಮೆಗ್ಗರ್ ಹಚ್ಚಿ ನೋಡಿ ಸರಿ ಎನ್ನುವವರೆಗೆ ಆ ವೈರಿಂಗಿಗೆ ಹೆಸ್ಕಾಂ ಕರೆಂಟನ್ನೂ ಬಿಡಬಾರದು, ಜನರೇಟರಿನದನ್ನೂ ಬಿಡಬಾರದು. ಅಲ್ಲಿಯವರೆಗೆ ಮನೆಯ ವೈರಿಂಗನ್ನೇ ಮುಟ್ಟದೆ, ಜನರೇಟರಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಒಂದು ಬಲ್ಬು, ಒಂದು ಚಾರ್ಜರ್, ಒಂದು ಫ್ಯಾನು ನಡೆಸಿದರೆ ಸಾಕು. ನಿಜ ಹೇಳಬೇಕೆಂದರೆ ವರ್ಷಕ್ಕೆ ಒಂದೆರಡು ಸಲ ಬಾಡಿಗೆ ಜನರೇಟರ್ ತರುವ ಮನೆಗೂ ಇದೇ ಸರಿಯಾದ ದಾರಿ. ಮನೆಯ ವೈರಿಂಗಿಗೆ ಜೋಡಿಸಲೇಬೇಕಾದರೆ ಮಾತ್ರ ಚೇಂಜ್‌ಓವರ್ ಬೇಕು. ಚೇಂಜ್‌ಓವರ್ ಇಲ್ಲದಿದ್ದರೆ ಮನೆಯ ವೈರಿಂಗಿಗೆ ಜೋಡಿಸಲೇಬಾರದು.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಬಲ್ಬು, ಫ್ಯಾನು, ಫ್ಯೂಸ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದ ವೈರಿಂಗನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕೆನ್ನುತ್ತವೆ. ನಮ್ಮ ರಾಜ್ಯದಲ್ಲಿ ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಊರಲ್ಲಿ ಪಂಪ್‌ಸೆಟ್ ಕಟ್ಟುವವನೇ ಮನೆಯ ವೈರಿಂಗನ್ನೂ ಮಾಡುತ್ತಾನೆ ಎಂಬುದು ನನಗೆ ಗೊತ್ತು. ಅವನ ಕೈ ಚುರುಕಿರಬಹುದು. ಲೈಸೆನ್ಸ್ ಇದೆಯೇ ಎಂದು ಕೇಳುವುದರಲ್ಲಿ ಅವನಿಗೆ ಅವಮಾನವೇನಿಲ್ಲ.

ಹೆಸ್ಕಾಂಗೂ ಒಂದು ಕೋರಿಕೆ. ಮೀಟರ್ ಓದಲು ತಿಂಗಳಿಗೊಮ್ಮೆ ಪ್ರತಿ ಮನೆಯ ಬಾಗಿಲಿಗೂ ನಿಮ್ಮವರು ಬರುತ್ತಾರೆ. ಜನರೇಟರ್ ಇದೆಯೇ, ಹೇಗೆ ಜೋಡಿಸಿದ್ದೀರಿ ಎಂದು ಕೇಳಿ, ಬೋರ್ಡನ್ನು ಒಮ್ಮೆ ನೋಡಿ ಬರೆದುಕೊಂಡು ಬರಲು ಹೇಳಿ. ಭೀಮೆಯ ದಂಡೆಯ ಊರುಗಳಿಂದ ಶುರು ಮಾಡಿ. ಯಾವ ಟಿಸಿಯ ಕೆಳಗೆ ಯಾರ ಮನೆಯಲ್ಲಿ ಜನರೇಟರ್ ಇದೆ ಎಂಬ ಪಟ್ಟಿ ಪವರ್‌ಮನ್‌ನ ಜೇಬಿನಲ್ಲಿದ್ದರೆ ಕಂಬ ಹತ್ತುವ ಮುಂಚೆ ಅವನು ಒಂದು ಫೋನ್ ಮಾಡಬಹುದು.

ಮನೆಯವರೂ ಅದಕ್ಕಾಗಿ ಕಾಯಬೇಕಿಲ್ಲ. ಊರ ಪವರ್‌ಮನ್ ನಂಬರ್ ಎಲ್ಲರ ಹತ್ತಿರವೂ ಇರುತ್ತದೆ, ಇಲ್ಲದಿದ್ದರೆ ಹೆಸ್ಕಾಂ ಸಹಾಯವಾಣಿ 1912 ಇದೆ. ನಮ್ಮ ಮನೆಯಲ್ಲಿ ಜನರೇಟರ್ ನಡೆಯುತ್ತಿದೆ, ಚೇಂಜ್‌ಓವರ್ ಮೇಲೆ ನಡೆಯುತ್ತಿದೆ ಎಂದು ಒಂದು ಮಾತು ತಿಳಿಸಿ. ಚೇಂಜ್‌ಓವರ್ ಇನ್ನೂ ಹಾಕಿಸಿಲ್ಲದಿದ್ದರೆ ಆ ಎರಡು ಪ್ಲಗ್ಗಿನ ವೈರನ್ನು ಇವತ್ತೇ ಕತ್ತರಿಸಿ ಎಸೆಯಿರಿ, ರೋಹಿಣಿ ಮಳೆ ಹಿಡಿಯುವ ಮುಂಚೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿರಿ.